ಹೊಸ್ತಿಲು ದಾಟಿದವರು

ಬಾಗಿಲಿಗೆ ಅಡ್ಡಲಾಗಿ ಒಬ್ಬ ತಾಯಿ ಮಲಗಿದ್ದಾಳೆ. ಮನೆಯೊಳಗಿನಿಂದ ಮಗನು ಹೊರಟು ಬರುತ್ತಿದ್ದಾನೆ. ಹೊರಟವನು ಮತ್ತೆ ಬಾರನೆಂಬುದು ಅವಳಿಗೆ ಗೊತ್ತು. ಬೇಡವೆಂದು ಹೇಳಿ ನೋಡಿದಳು, ಅತ್ತು ನೋಡಿದಳು, ಕೊನೆಗೆ ಹೊಸ್ತಿಲಿನ ಮೇಲೆ ಮೈಚೆಲ್ಲಿದಳು. ಹೆತ್ತವಳನ್ನು ದಾಟಿ ಹೋಗುವಷ್ಟು ಗಟ್ಟಿ ಎದೆ ಯಾವ ಮಗನಿಗೆ ಇದ್ದೀತು? ಈ ಮಗನಿಗಿತ್ತು. ದುಃಖಿಸಬೇಡವೆಂದು ಬೇಡಿಕೊಂಡು, ಈ ಲೋಕದಲ್ಲಿ ಇನ್ನು ತನ್ನ ಮುಖವನ್ನು ಅವಳು ಕಾಣಲಾರಳೆಂದೂ ತಿಳಿಸಿ, ಹೊಸ್ತಿಲನ್ನೂ ತಾಯಿಯನ್ನೂ ಒಂದೇ ನೆಗೆತದಲ್ಲಿ ದಾಟಿ ನಡೆದುಬಿಟ್ಟನು.

ಇದು ಆರನೆಯ ಶತಮಾನದ ಮಾತು. ಐರ್ಲೆಂಡಿನ ಲೆನ್‌ಸ್ಟರ್ ಸೀಮೆಯಲ್ಲಿ ನಡೆದದ್ದು. ಮಗನ ಹೆಸರು ಕೊಲಂಬಾನಸ್. ಅವನ ಚರಿತ್ರೆಯನ್ನು ಬರೆದವನು ಜೋನಸ್ ಎಂಬ ಇಟಲಿಯ ಸನ್ಯಾಸಿ. ಗುರುವು ತೀರಿಕೊಂಡ ಮೂರು ವರ್ಷಗಳ ಮೇಲೆ ಗುರುವಿನ ಮಠವನ್ನು ಸೇರಿದವನು. ಗುರುವನ್ನು ಕಂಡಿದ್ದವರ ಬಾಯಿಂದ ಕೇಳಿ ಬರೆದವನು. ಮಗನು ಹೊರಟದ್ದೇಕೆಂಬುದಕ್ಕೂ ಅವನು ಒಂದು ಕಾರಣವನ್ನು ಕೊಡುತ್ತಾನೆ. ತರುಣನು ರೂಪವಂತ, ಊರಿನ ಹೆಣ್ಣುಗಳ ಕಣ್ಣು ಅವನ ಮೇಲಿತ್ತು. ದಾರಿ ತೋಚದೆ ಏಕಾಂತದಲ್ಲಿ ತಪಸ್ಸಿಗೆ ಕುಳಿತಿದ್ದ ಒಬ್ಬ ವಿರಾಗಿಣಿಯ ಬಳಿಗೆ ಹೋದನು. ಅವಳು ಮರುಕಪಡಲಿಲ್ಲ. ತಾನು ವರ್ಷಗಳ ಹಿಂದೆಯೇ ಮನೆ ಬಿಟ್ಟವಳೆಂದೂ, ಹೆಣ್ಣಾಗಿ ಹುಟ್ಟದಿದ್ದರೆ ಕಡಲನ್ನೇ ದಾಟಿ ಹೋಗುತ್ತಿದ್ದೆನೆಂದೂ, ಗಂಡಾದ ನೀನು ಇನ್ನೂ ಇಲ್ಲೇ ಏಕೆ ಇದ್ದೀಯೆಂದೂ ಗದರಿದಳು. ಒಬ್ಬ ಹೆಣ್ಣು ಹೋಗೆಂದಳು. ಇನ್ನೊಬ್ಬಳು ಬಾಗಿಲಿಗೆ ಅಡ್ಡ ಮಲಗಿದಳು. ಜೋನಸನು ಇಬ್ಬರ ಹೆಸರನ್ನೂ ಹೇಳುವುದಿಲ್ಲ. ಹೊಸ್ತಿಲಿನಿಂದ ಎದ್ದ ಮೇಲೆ ಆ ತಾಯಿ ಏನಾದಳೆಂಬುದನ್ನಂತೂ ಅವನು ಎತ್ತುವುದೇ ಇಲ್ಲ. ಸಂತರ ಚರಿತ್ರೆಗಳನ್ನು ಬರೆಯುವವರ ದೃಷ್ಟಿ ಯಾವಾಗಲೂ ಹೊರಟವನ ಬೆನ್ನ ಹಿಂದೆಯೇ ಹೋಗುತ್ತದೆ.

ಆ ಕಾಲದ ಐರ್ಲೆಂಡಿನಲ್ಲಿ ಮನೆ ಬಿಡುವುದೆಂದರೆ ಏನೆಂಬುದನ್ನು ತಿಳಿಯದೆ ಈ ಕಥೆಯ ತೂಕ ತಿಳಿಯದು. ರೋಮನರ ಸೈನ್ಯ ಆ ದ್ವೀಪವನ್ನು ಆಳಲಿಲ್ಲ. ಆದ್ದರಿಂದ ಅಲ್ಲಿ ರೋಮನರ ಪಟ್ಟಣಗಳಿಲ್ಲ, ಕಲ್ಲುಹಾಸಿನ ಹೆದ್ದಾರಿಗಳಿಲ್ಲ, ನಾಣ್ಯವಿಲ್ಲ. ಸಂಪತ್ತೆಂದರೆ ದನ. ಆಳುವವರೆಂದರೆ ನೂರೈವತ್ತರಷ್ಟು ಪುಟ್ಟ ಪುಟ್ಟ ನಾಡುಗಳ ಪುಟ್ಟ ಪುಟ್ಟ ದೊರೆಗಳು. ಒಬ್ಬ ಮನುಷ್ಯನ ಬೆಲೆಯೆಲ್ಲ ಅವನ ಕುಲದಲ್ಲಿ, ಅವನ ನಾಡಿನ ಎಲ್ಲೆಯೊಳಗೆ. ಅವನನ್ನು ಯಾರಾದರೂ ಕೊಂದರೆ ದಂಡವನ್ನು ವಸೂಲು ಮಾಡುವುದು ಬಂಧುಗಳು. ಅವನು ಸಾಲಮಾಡಿದರೆ ಹೊಣೆ ನಿಲ್ಲುವುದೂ ಬಂಧುಗಳೇ. ಎಲ್ಲೆ ದಾಟಿದವನಿಗೆ ಇದಾವುದೂ ಇಲ್ಲ. ಕಡಲಾಚೆಯಿಂದ ಬಂದು ನೆಲೆಸಿದ ಪರದೇಶಿಗೆ ಅವರ ಧರ್ಮಶಾಸ್ತ್ರದಲ್ಲಿ ಒಂದು ಹೆಸರಿತ್ತು: ‘ಬೂದುಬಣ್ಣದ ನಾಯಿ’. ಅಂಥವನು ಅಲ್ಲಿಯ ಹೆಣ್ಣನ್ನು ಮದುವೆಯಾದರೆ ಅವನ ಮಾನದ ಬೆಲೆ ಹೆಂಡತಿಯ ಮಾನದ ಬೆಲೆಯ ಅರ್ಧ. ಇನ್ನು ಘೋರ ಪಾತಕವನ್ನು ಮಾಡಿ ಸಿಕ್ಕಿದವನನ್ನು ಕೊಲ್ಲಲು ಮನಸ್ಸಾಗದಿದ್ದರೆ ದೋಣಿಯಲ್ಲಿ ಕುಳ್ಳಿರಿಸಿ ಕಡಲಿಗೆ ತಳ್ಳುತ್ತಿದ್ದರು. ಬದುಕಿದರೆ ದೈವದ ತೀರ್ಪು, ಮುಳುಗಿದರೂ ದೈವದ ತೀರ್ಪು.

ಈ ಶಿಕ್ಷೆಯನ್ನು ಕೆಲವರು ತಾವಾಗಿಯೇ ತಲೆಯ ಮೇಲೆ ಎಳೆದುಕೊಂಡರು. ಇದೇ ಐರಿಷ್ ಸನ್ಯಾಸಿಗಳ ವೈಶಿಷ್ಟ್ಯ. ಕ್ರೈಸ್ತಮತವು ಐದನೆಯ ಶತಮಾನದಲ್ಲಿ ಆ ದ್ವೀಪವನ್ನು ಹೊಕ್ಕಾಗ ರಕ್ತಪಾತವೇನೂ ಆಗಲಿಲ್ಲ. ರೋಮಿನಲ್ಲಿ ಸಿಂಹಗಳ ಬಾಯಿಗೆ ಬಿದ್ದವರ ಕಥೆಗಳನ್ನು ಓದಿದ ಐರಿಷ್ ಭಕ್ತರಿಗೆ ತಮಗೆ ಅಂಥ ಬಲಿದಾನದ ಭಾಗ್ಯವಿಲ್ಲವಲ್ಲ ಎಂಬ ಕೊರಗು. ಅದಕ್ಕೆ ಅವರು ಪರಿಹಾರವನ್ನು ಕಂಡುಕೊಂಡರು. ಏಳನೆಯ ಶತಮಾನದ ಕೊನೆಯ ಹೊತ್ತಿನ ಒಂದು ಐರಿಷ್ ಧರ್ಮೋಪದೇಶದಲ್ಲಿ ಬಲಿದಾನಕ್ಕೆ ಮೂರು ಬಣ್ಣಗಳನ್ನು ಹೇಳಿದೆ. ಪ್ರಾಣವನ್ನು ಕೊಡುವುದು ಕೆಂಪು. ಉಪವಾಸದಿಂದ, ದುಡಿಮೆಯಿಂದ ದೇಹವನ್ನು ದಂಡಿಸುವುದು ಹಸಿರೋ ನೀಲಿಯೋ ಆದ ಒಂದು ಬಣ್ಣ. ಅವರ ಭಾಷೆಯಲ್ಲಿ ಎರಡಕ್ಕೂ ಒಂದೇ ಶಬ್ದ. ಆ ಬೂದುನಾಯಿಯ ಬೂದಿಗೂ ಅದೇ ಶಬ್ದ. ಪ್ರೀತಿಸಿದ್ದೆಲ್ಲವನ್ನೂ ದೇವರಿಗಾಗಿ ಬಿಟ್ಟು ನಡೆಯುವುದು ಬಿಳಿ. ಒಂದು ಹನಿ ರಕ್ತವೂ ಚೆಲ್ಲದ ಬಲಿ.

ಇವರ ದೋಣಿಯನ್ನು ಕಣ್ಣಿಗೆ ತಂದುಕೊಳ್ಳಲು ನಮ್ಮವರಿಗೆ ಕಷ್ಟವಿಲ್ಲ. ತುಂಗಭದ್ರೆಯ ಹರಿಗೋಲನ್ನು ಕಂಡವರು ಅದನ್ನೇ ಸ್ವಲ್ಪ ಉದ್ದಕ್ಕೆ ಎಳೆದು ಮೂತಿಯನ್ನು ಚೂಪು ಮಾಡಿದಂತೆ ಊಹಿಸಿಕೊಂಡರೆ ಸಾಕು. ಮರದ ಕಡ್ಡಿಗಳನ್ನು ಬಾಗಿಸಿ ಹೆಣೆದ ಹಂದರ. ಅದರ ಮೇಲೆ ಓಕ್ ಮರದ ತೊಗಟೆಯಲ್ಲಿ ಹದಮಾಡಿದ ಎತ್ತಿನ ತೊಗಲು. ಹೊಲಿಗೆಗಳಿಗೆ ಕೊಬ್ಬಿನ ಲೇಪ. ಇದರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಇಳಿಯುವುದೆಂದರೆ ಕಥೆಯೇ ಸರಿಯೆಂದು ವಿದ್ವಾಂಸರು ಬಹುಕಾಲ ನಕ್ಕಿದ್ದರು. 1976ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿಯು 49 ತೊಗಲುಗಳನ್ನು ಹೊಲಿದು ಅಂಥದೇ ದೋಣಿಯನ್ನು ಕಟ್ಟಿ, ಐರ್ಲೆಂಡಿನ ಪಶ್ಚಿಮ ತೀರದಿಂದ ಹೊರಟು, ಮರುವರ್ಷ ಅಮೆರಿಕಾ ಖಂಡದ ನ್ಯೂಫೌಂಡ್‌ಲೆಂಡ್ ತೀರವನ್ನು ಮುಟ್ಟಿದ ಮೇಲೆ ನಗೆ ನಿಂತಿತು. ಸಂತ ಬ್ರೆಂಡನನು ಅಲ್ಲಿಗೆ ಹೋಗಿದ್ದನೆಂದು ಇದರಿಂದ ಸಿದ್ಧವಾಗದು, ಹೋಗಬಹುದಾಗಿತ್ತೆಂಬುದಷ್ಟೇ ಸಿದ್ಧವಾಯಿತು. ಐಸ್‌ಲೆಂಡಿನವರೆಗೆ ಅವರು ಹೋದದ್ದಕ್ಕಂತೂ ಒಳ್ಳೆಯ ಸಾಕ್ಷ್ಯವಿದೆ. 825ರಲ್ಲಿ ಭೂಗೋಳವೊಂದನ್ನು ಬರೆದ ಡಿಕುಯಿಲ್ ಎಂಬ ಐರಿಷ್ ಪಂಡಿತನಿಗೆ, ಉತ್ತರದ ಥೂಲೆ ಎಂಬ ದ್ವೀಪದಲ್ಲಿ ಆರು ತಿಂಗಳು ಇದ್ದು ಬಂದ ಸನ್ಯಾಸಿಗಳು ಅಲ್ಲಿಯ ಬೇಸಗೆಯ ರಾತ್ರಿಯನ್ನು ವರ್ಣಿಸಿದ್ದರು. ನಡುರಾತ್ರಿಯಲ್ಲೂ ಎಷ್ಟು ಬೆಳಕೆಂದರೆ ಅಂಗಿಯಲ್ಲಿಯ ಹೇನನ್ನು ಆರಿಸಬಹುದಂತೆ! ವೈರಾಗ್ಯದ ತುತ್ತತುದಿಗೆ ಹೋದರೂ ಹೇನು ಬಿಡಲಿಲ್ಲವೆಂಬುದನ್ನು ಮುಚ್ಚಿಡದೆ ಹೇಳಿದ ಈ ಸನ್ಯಾಸಿಗಳ ಮಾತನ್ನು ನಂಬಬಹುದು.

ಎಲ್ಲಕ್ಕಿಂತ ಮನಸ್ಸಿನಲ್ಲಿ ನಿಲ್ಲುವುದು 891ರ ಘಟನೆ. ಆ ವರ್ಷ ಇಂಗ್ಲೆಂಡಿನ ದೊರೆ ಆಲ್ಫ್ರೆಡನ ಆಸ್ಥಾನಕ್ಕೆ ಮೂವರು ಐರಿಷ್ ಜನರು ಬಂದರು. ಎರಡೂವರೆ ತೊಗಲಿನ ದೋಣಿ, ಏಳು ದಿನಗಳ ಆಹಾರ, ಹುಟ್ಟು ಇಲ್ಲ. ಏಳನೆಯ ದಿನದ ಹೊತ್ತಿಗೆ ಅಲೆಗಳು ಅವರನ್ನು ಕಾರ್ನ್‌ವಾಲ್ ತೀರಕ್ಕೆ ತಂದು ಹಾಕಿದ್ದವು. ಏಕೆ ಬಂದಿರೆಂದು ಕೇಳಿದ್ದಕ್ಕೆ, ದೇವರ ಪ್ರೀತಿಗಾಗಿ ಪರದೇಶಿಗಳಾಗಬೇಕೆಂದು ಬಯಸಿದೆವು, ಎಲ್ಲಿಗಾದರೂ ಸರಿ, ಎಂದರಂತೆ. ಇಂಗ್ಲೆಂಡಿನ ವೃತ್ತಾಂತಕಾರನು ಅವರ ಹೆಸರುಗಳನ್ನು ಬರೆದಿಟ್ಟಿದ್ದಾನೆ. ಪಾತಕಿಗಳನ್ನು ಕಡಲಿಗೆ ನೂಕುವ ಹಳೆಯ ಶಿಕ್ಷೆಯನ್ನು ನೆನೆದರೆ ಆ ಹುಟ್ಟಿಲ್ಲದ ದೋಣಿಯ ಅರ್ಥ ತಿಳಿಯುತ್ತದೆ.

ಇತ್ತ ಕೊಲಂಬಾನಸ್ಸನೂ ಕಡಲನ್ನು ದಾಟಿದನು. ಬ್ಯಾಂಗರ್ ಎಂಬಲ್ಲಿಯ ಮಠದಲ್ಲಿ ಹಲವು ವರ್ಷ ಇದ್ದು, ಸುಮಾರು 590ರಲ್ಲಿ ಹನ್ನೆರಡು ಜನ ಸಂಗಡಿಗರೊಡನೆ ಗಾಲ್ ದೇಶಕ್ಕೆ, ಎಂದರೆ ಇಂದಿನ ಫ್ರಾನ್ಸಿಗೆ, ಬಂದನು. ಲುಕ್ಸೆಯ್ ಎಂಬಲ್ಲಿ ಅವನು ಕಟ್ಟಿದ ಮಠ ಬಹುಬೇಗ ಹೆಸರಾಯಿತು. ಆದರೆ ಅವನ ನಾಲಗೆ ಮೃದುವಾದುದಲ್ಲ. ಈಸ್ಟರ್ ಹಬ್ಬದ ತಿಥಿಯನ್ನು ಗಣಿಸುವುದರಲ್ಲಿ ಅಲ್ಲಿಯ ಬಿಷಪ್ಪರೊಡನೆ ಜಗಳವಾಯಿತು. ಆಮೇಲೆ ದೊರೆ ಥಿಯೊಡರಿಕ್ಕನು ಮದುವೆಯಿಲ್ಲದ ಹೆಂಗಸರಲ್ಲಿ ಪಡೆದ ಮಕ್ಕಳನ್ನು ಅಜ್ಜಿ ಬ್ರುನ್‌ಹಿಲ್ಡಳು ಆಶೀರ್ವಾದಕ್ಕೆಂದು ಮುಂದೆ ತಂದಾಗ ಸಂತನು ಸಾರಾಸಗಟಾಗಿ ಒಲ್ಲೆನೆಂದನು. ಆ ಎಳೆಯ ಮಕ್ಕಳು ಮಾಡಿದ ತಪ್ಪೇನೆಂದು ಓದುವವರಿಗೆ ಅನಿಸದಿರದು, ಸಂತನಿಗೆ ಅನಿಸಲಿಲ್ಲ. ಪರಿಣಾಮವಾಗಿ 610ರಲ್ಲಿ ಗಡೀಪಾರಾಯಿತು. ಅವನೊಡನೆ ಹೋಗಲು ಸ್ವದೇಶೀಯರಿಗೆ ಅಪ್ಪಣೆಯಿಲ್ಲ. ಕಡಲಾಚೆಯಿಂದ ಬಂದವರು ಮಾತ್ರ ಹೋಗಬಹುದು. ಗಡೀಪಾರೆಲ್ಲಿಗೆ? ಐರ್ಲೆಂಡಿಗೆ!

ತಾಯಿಯನ್ನು ದಾಟಿ ಬಂದವನನ್ನು ದೊರೆಯ ಸೈನಿಕರು ತಾಯ್ನಾಡಿನ ಕಡೆಗೆ ಅಟ್ಟಿಕೊಂಡು ಹೋದರು. ಇಪ್ಪತ್ತು ವರ್ಷಗಳ ಹಿಂದೆ ಮನೆಗೆ ಮರಳುವುದು ಅವನಿಗೆ ಸೋಲಾಗುತ್ತಿತ್ತು. ಈಗ ಅದೇ ಶಿಕ್ಷೆಯಾಯಿತು. ನಾಂತ್ ರೇವಿನಲ್ಲಿ ಹಡಗಿಗೆ ಕಾಯುತ್ತ ಅವನು ಹಿಂದೆ ಉಳಿದ ಶಿಷ್ಯರಿಗೆ ಬರೆದ ಕಾಗದ ಇಂದಿಗೂ ಉಳಿದಿದೆ. ಕಲ್ಲುಮನಸ್ಸಿನವನೆಂದು ಅವನನ್ನು ತಿಳಿದವರು ಅದನ್ನು ಓದಬೇಕು. ಅಳುವನ್ನು ತಡೆಹಿಡಿದು ಬರೆಯುತ್ತಿರುವವನ ಕೈ ಅಲ್ಲಿ ಕಾಣುತ್ತದೆ. ಕಡೆಗೆ ಹಡಗು ಹೊರಟಿತು. ಆದರೆ ಅಲೆಯೊಂದು ಅದನ್ನು ತಿರುಗಿ ದಡಕ್ಕೆ ಎತ್ತಿಹಾಕಿತು. ಮೂರು ದಿನ ಅದು ಅಲ್ಲಾಡಲಿಲ್ಲವೆಂದೂ, ನಾವಿಕನು ಹೆದರಿ ಸನ್ಯಾಸಿಗಳ ಗಂಟುಮೂಟೆಗಳನ್ನು ಇಳಿಸಿದೊಡನೆ ಸರಾಗವಾಗಿ ತೇಲಿತೆಂದೂ ಜೋನಸ್ ಬರೆಯುತ್ತಾನೆ. ಕಾವಲಿನವರೂ ಕೈಬಿಟ್ಟರು. ಕೊಲಂಬಾನಸ್ ತಿರುಗಿ ಪೂರ್ವಕ್ಕೆ ನಡೆದನು, ಆಲ್ಪ್ಸ್ ಪರ್ವತವನ್ನು ದಾಟಿದನು, ಇಟಲಿಯ ಬೊಬ್ಬಿಯೊದಲ್ಲಿ ಕೊನೆಯ ಮಠವನ್ನು ಕಟ್ಟಿ 615ರ ನವೆಂಬರ್ 23ರಂದು ತೀರಿಕೊಂಡನು. ತಾಯಿಗೆ ಆಡಿದ ಮಾತು ನಿಜವಾಯಿತು.

ಹೆಸರಿನಲ್ಲಿ ಇವನಿಗೆ ಅಣ್ಣನಂತಿರುವ ಇನ್ನೊಬ್ಬನಿದ್ದಾನೆ: ಕೊಲಂಬ. ಎರಡು ಹೆಸರುಗಳೂ ಲ್ಯಾಟಿನ್ ಭಾಷೆಯಲ್ಲಿ ಪಾರಿವಾಳವೆಂಬ ಶಬ್ದದಿಂದ ಬಂದವು. ಇಬ್ಬರೂ ಪಾರಿವಾಳಗಳೇನೂ ಆಗಿರಲಿಲ್ಲವೆನ್ನಿ. ಕೊಲಂಬನು ಸುಮಾರು 521ರಲ್ಲಿ ಉತ್ತರ ಐರ್ಲೆಂಡಿನ ಡಾನಿಗಾಲ್ ಸೀಮೆಯ ರಾಜಕುಲದಲ್ಲಿ ಹುಟ್ಟಿದವನು, ಸನ್ಯಾಸಿಯಾಗದಿದ್ದರೆ ಅರಸನಾಗಬಹುದಾಗಿದ್ದವನು. ಅವನಿಗಿದ್ದ ವ್ಯಾಮೋಹ ಪುಸ್ತಕದ್ದು. ಅವನ ಗುರು ಫಿನ್ನಿಯನ್ನನ ಬಳಿ ದಾವೀದನ ಕೀರ್ತನೆಗಳ ಒಂದು ಅಪೂರ್ವ ಪ್ರತಿಯಿತ್ತಂತೆ. ಶಿಷ್ಯನು ಗುಟ್ಟಾಗಿ ರಾತ್ರಿಗಳಲ್ಲಿ ಕುಳಿತು ಅದನ್ನು ಪೂರ್ತಿ ನಕಲು ಮಾಡಿಕೊಂಡನು. ಗುರುವಿಗೆ ತಿಳಿಯಿತು, ನಕಲೂ ತನ್ನದೇ ಎಂದನು. ವ್ಯಾಜ್ಯ ತಾರಾದ ಅಧಿರಾಜನ ಮುಂದೆ ಹೋಯಿತು. ಹಸುವಿನ ಒಡೆಯನಿಗೇ ಕರುವು ಸೇರುವಂತೆ, ಪುಸ್ತಕದ ಒಡೆಯನಿಗೇ ಅದರ ನಕಲೂ ಸೇರತಕ್ಕದ್ದೆಂದು ತೀರ್ಪಾಯಿತು. ದನವೇ ದುಡ್ಡಾಗಿದ್ದ ನಾಡಿನಲ್ಲಿ ನ್ಯಾಯಾಧೀಶನಿಗೆ ಬೇರೆ ಉಪಮಾನ ಹೊಳೆಯುವುದು ಹೇಗೆ? ಪುಸ್ತಕದ ಹಾಳೆಗಳೂ ಕರುವಿನ ತೊಗಲೇ ತಾನೆ! ಕೊಲಂಬನಿಗೆ ಈ ತೀರ್ಪು ಸಹಿಸಲಿಲ್ಲ. ಅವನ ಕುಲದವರು ಕತ್ತಿ ಹಿರಿದರು. 561ರ ಸುಮಾರಿಗೆ ಕೂಲ್ ದ್ರೆವ್ನೆ ಎಂಬಲ್ಲಿ ಘೋರ ಕಾಳಗವಾಯಿತು. ಅಲ್ಲಿ ಬಿದ್ದ ಹೆಣಗಳ ಪಾಪ ಪರಿಹಾರಕ್ಕಾಗಿ ಕೊಲಂಬನು ದೇಶತ್ಯಾಗ ಮಾಡಿದನೆಂಬುದು ಐರ್ಲೆಂಡಿನಲ್ಲಿ ಮನೆಮನೆಯ ಮಾತು.

ಇತಿಹಾಸಕಾರರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಕಾಳಗ ನಡೆದದ್ದು ನಿಜ, ಅವನ ಬಂಧುಗಳು ಗೆದ್ದದ್ದೂ ನಿಜ. ಪುಸ್ತಕದ ಕಥೆ ಮಾತ್ರ ಬಹಳ ತಡವಾಗಿ ಸೇರಿದ್ದು. ಅವನ ಪೀಠದಲ್ಲಿ ಒಂಬತ್ತನೆಯವನಾಗಿ ಕುಳಿತ ಆಡಮ್ನಾನನು ಗುರುವು ತೀರಿಕೊಂಡ ಒಂದು ನೂರು ವರ್ಷಗಳ ಮೇಲೆ ಬರೆದ ಚರಿತ್ರೆಯಲ್ಲಿ ಅದರ ಸುಳಿವಿಲ್ಲ. ಆದರೂ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯಲ್ಲಿ ಒಂದು ಕೀರ್ತನೆಗಳ ಪ್ರತಿಯಿದೆ. 58 ಹಾಳೆಗಳು ಉಳಿದಿವೆ. ಐರ್ಲೆಂಡಿನಲ್ಲಿ ಬರೆದವುಗಳಲ್ಲಿ ಉಳಿದುಬಂದ ಅತಿ ಹಳೆಯ ಹಸ್ತಪ್ರತಿಗಳಲ್ಲೊಂದು. ಕೊಲಂಬನದೇ ಕೈಬರಹವೆಂದು ಪರಂಪರೆ ಹೇಳುತ್ತದೆ. ಅದರ ಹೆಸರಿನ ಅರ್ಥ ‘ಕಾಳಗದ ಹೊತ್ತಿಗೆ’. ಅವನ ಕುಲದವರು ಯುದ್ಧಕ್ಕೆ ಹೊರಡುವಾಗ ಅದನ್ನು ಬೆಳ್ಳಿಯ ಸಂಪುಟದಲ್ಲಿಟ್ಟು ಸೈನ್ಯಕ್ಕೆ ಮೂರು ಸುತ್ತು ಪ್ರದಕ್ಷಿಣೆ ತರುತ್ತಿದ್ದರು. ಶಾಂತಿಯನ್ನು ಹಾಡುವ ಕೀರ್ತನೆಗಳಿಗೆ ಬಂದ ಗತಿ!

ಕಾರಣವೇನೇ ಇರಲಿ, 563ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಕೊಲಂಬನು ಹನ್ನೆರಡು ಜನರೊಡನೆ ಹೊರಟು ಸ್ಕಾಟ್‌ಲೆಂಡಿನ ಪಶ್ಚಿಮದ ಅಯೋನಾ ದ್ವೀಪವನ್ನು ಸೇರಿದನು. ಮೂರು ಮೈಲಿ ಉದ್ದ, ಒಂದೂವರೆ ಮೈಲಿ ಅಗಲ. ಗಾಳಿ, ಹುಲ್ಲು, ಕಲ್ಲು. ಮೊದಲು ಇಳಿದ ಇನ್ನೊಂದು ದ್ವೀಪದ ಗುಡ್ಡದಿಂದ ಐರ್ಲೆಂಡು ಕಾಣುತ್ತಿತ್ತೆಂದು ಅದನ್ನು ಬಿಟ್ಟು ಮುಂದೆ ಬಂದನೆಂದು ಹೇಳುತ್ತಾರೆ. ಅಯೋನಾದಲ್ಲಿ ಇವತ್ತಿಗೂ ಒಂದು ಕಲ್ಲುಗುಪ್ಪೆಗೆ ‘ಐರ್ಲೆಂಡಿಗೆ ಬೆನ್ನು ತಿರುಗಿಸಿದ ಗುಪ್ಪೆ’ ಎಂದು ಹೆಸರು. ಮುಂದೆ ಅವನು ಕಾರ್ಯಾರ್ಥವಾಗಿ ತಾಯ್ನಾಡಿಗೆ ಹೋಗಿಬಂದದ್ದನ್ನು ಆಡಮ್ನಾನನೇ ದಾಖಲಿಸಿದ್ದಾನೆ. ಹಾಗಾದರೆ ಪ್ರತಿಜ್ಞೆ ಮುರಿಯಿತೇ? ಜನಪದವು ತನ್ನ ಸಂತನನ್ನು ಬಿಟ್ಟುಕೊಡಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅಂಗಾಲಿಗೆ ಹೊರನಾಡಿನ ಹೆಂಟೆಗಳನ್ನು ಬಿಗಿದುಕೊಂಡು ಹೋದನೆಂದು ಕಥೆ ಕಟ್ಟಿತು. ತಾಯ್ನೆಲದ ಮೇಲೆ ನಡೆದೂ ತಾಯ್ನೆಲವನ್ನು ಮೆಟ್ಟಲಿಲ್ಲ. ಮೊಂಡು ಲೆಕ್ಕವೇ ಸರಿ. ಆದರೆ ಊರು ಬಿಟ್ಟವರ ಸಂಕಟವನ್ನು ಬಲ್ಲವರೇ ಇಂಥ ಕಥೆಯನ್ನು ಕಟ್ಟಲು ಸಾಧ್ಯ.

ಬಿಟ್ಟದ್ದು ನಿಜವಾಗಿ ಬಿಟ್ಟಿತೇ ಎಂಬುದಕ್ಕೆ ಆಡಮ್ನಾನನು ಒಂದು ಪ್ರಸಂಗವನ್ನು ಹೇಳುತ್ತಾನೆ. ಒಂದು ದಿನ ಕೊಲಂಬನು ಒಬ್ಬ ಸನ್ಯಾಸಿಯನ್ನು ಕರೆದು, ಮೂರನೆಯ ದಿನ ಪಶ್ಚಿಮದ ದಂಡೆಯಲ್ಲಿ ಕಾದಿರಬೇಕೆಂದು ತಿಳಿಸಿದನು. ಮಧ್ಯಾಹ್ನ ಕಳೆದ ಮೇಲೆ ಐರ್ಲೆಂಡಿನ ಉತ್ತರ ಭಾಗದಿಂದ ಒಂದು ಕೊಕ್ಕರೆ ಗಾಳಿಗೆ ಸಿಕ್ಕಿ, ದಣಿದು, ದಂಡೆಯ ಮೇಲೆ ಬೀಳುವುದು. ಅದನ್ನು ಮೆಲ್ಲನೆ ಎತ್ತಿಕೊಂಡು ಹತ್ತಿರದ ಮನೆಗೆ ಒಯ್ದು ಮೂರು ದಿನ, ಮೂರು ರಾತ್ರಿ ಉಪಚರಿಸಬೇಕು. ಇಷ್ಟು ಹೇಳಿಕೊಳ್ಳುವುದೇಕೆಂದರೆ ಆ ಹಕ್ಕಿ ತನ್ನ ಊರ ಕಡೆಯದು. ಹಾಗೆಯೇ ಆಯಿತು. ಸಂಜೆ ಹಿಂದಿರುಗಿದ ಶಿಷ್ಯನನ್ನು ಗುರುವು ಏನಾಯಿತೆಂದು ಕೇಳಲಿಲ್ಲ. ಅತಿಥಿಯನ್ನು ನೋಡಿಕೊಂಡದ್ದಕ್ಕಾಗಿ ಹರಸಿದನು. ಮೂರು ದಿನಗಳ ಮೇಲೆ ಚೇತರಿಸಿಕೊಂಡ ಕೊಕ್ಕರೆ ಮೇಲಕ್ಕೇರಿ, ಆಕಾಶದಲ್ಲಿ ದಾರಿಯನ್ನು ಹುಡುಕುವಂತೆ ಸ್ವಲ್ಪ ಹೊತ್ತು ಸುಳಿದು, ಐರ್ಲೆಂಡಿನ ಕಡೆಗೆ ನೇರವಾಗಿ ಹಾರಿಹೋಯಿತು. ಇಡೀ ಚರಿತ್ರೆಯಲ್ಲಿ ಪವಾಡಗಳಿಗೆ ಕೊರತೆಯಿಲ್ಲ; ನೀರು ಮದ್ಯವಾಗುತ್ತದೆ, ನದಿಯ ಭೂತ ಓಡಿಹೋಗುತ್ತದೆ. ಇವನ್ನೆಲ್ಲ ಮರೆತವರಿಗೂ ಈ ಕೊಕ್ಕರೆ ನೆನಪಿರುತ್ತದೆ.

ಮಠದ ದಿನಚರಿಯೆಂದರೆ ಪ್ರಾರ್ಥನೆ, ಬೇಸಾಯ ಮತ್ತು ಬರಹ. ಕೊಲಂಬನಿಗೆ ಬರಹವೇ ಪ್ರಾಣ. ಒಮ್ಮೆ ಜಲಸಂಧಿಯ ಆಚೆ ದಡದಿಂದ ಯಾರೋ ಕೂಗಿ ಕರೆದರು. ಹೀಗೆ ಕೂಗುವವನು ಇವತ್ತು ತನ್ನ ಮಸಿಯ ಕೊಂಬನ್ನು ಚೆಲ್ಲದೆ ಬಿಡನೆಂದು ಗುರುವು ನುಡಿದನು. ಪರಿಚಾರಕ ಡಿಯರ್ಮಿಟ್ ಬಾಗಿಲಲ್ಲೇ ಕಾವಲು ನಿಂತನು. ಬೇರೆ ಕೆಲಸಕ್ಕೆ ಅತ್ತ ಸರಿದಿದ್ದೇ ತಡ, ಅತಿಥಿಯು ನುಗ್ಗಿ ಬಂದು ಗುರುವಿಗೆ ಮುತ್ತಿಕ್ಕಲು ಬಾಗಿದನು. ಅಂಗಿಯ ಅಂಚು ತಗುಲಿ ಮಸಿಯೆಲ್ಲ ಚೆಲ್ಲಿತು. ಸಂತನ ದಿವ್ಯದೃಷ್ಟಿಗೆ ನಿದರ್ಶನವೆಂದು ಆಡಮ್ನಾನನು ಇದನ್ನು ಬರೆದಿದ್ದಾನೆ. ಬರೆಯುತ್ತಿರುವಾಗ ಮನೆಗೆ ನಂಟರು ಬಂದ ಅನುಭವವುಳ್ಳವರಿಗೆ ದಿವ್ಯದೃಷ್ಟಿ ಬೇಕಾಗದು. ಇನ್ನೊಮ್ಮೆ ಬೈಥೀನ್ ಎಂಬ ಶಿಷ್ಯನು ತಾನು ನಕಲು ಮಾಡಿದ ಕೀರ್ತನೆಗಳನ್ನು ತಿದ್ದಲು ಒಬ್ಬರನ್ನು ಕೊಡಬೇಕೆಂದು ಕೇಳಿದನು. ಅದರಲ್ಲಿ ತಪ್ಪೇ ಇಲ್ಲ, ಒಂದು ‘ಇ’ಕಾರ ಮಾತ್ರ ಬಿಟ್ಟುಹೋಗಿದೆಯೆಂದು ಕೊಲಂಬನು ಉತ್ತರ ಕೊಟ್ಟನು. ನೋಡಿದರೆ ಸರಿಯಾಗಿ ಅಷ್ಟೇ!

ಒಂದು ಅಕ್ಷರದ ಮೇಲೆ ಈ ಮಟ್ಟದ ಕಾಳಜಿ ಹೇಗೆ ಬಂದಿತು? ಲ್ಯಾಟಿನ್ ಅವರ ಮನೆಮಾತಲ್ಲ. ಪುಸ್ತಕದಿಂದಲೇ ಕಲಿಯಬೇಕಾದ ಪರಭಾಷೆ. ರೋಮನರು ಶಬ್ದಶಬ್ದಗಳ ನಡುವೆ ತೆರವು ಬಿಡದೆ ಬರೆಯುತ್ತಿದ್ದರು. ಆಡುಭಾಷೆಯಾಗಿದ್ದುದರಿಂದ ಅವರಿಗೆ ತೊಡಕಾಗಲಿಲ್ಲ. ಕಲಿತು ಓದುವ ಐರಿಷ್ ಸನ್ಯಾಸಿಗಳಿಗೆ ತೊಡಕಾಯಿತು. ಅವರು ಒಂದೊಂದು ಶಬ್ದವನ್ನೂ ಬಿಡಿಸಿ ನಡುವೆ ಜಾಗ ಬಿಟ್ಟರು. ಯೂರೋಪಿನಲ್ಲಿ ಆ ಪದ್ಧತಿ ಹಬ್ಬಿದ್ದು ಇವರಿಂದ. ತಾಳೆಯ ಗರಿಯಲ್ಲಿ ಎಡೆಯಿಲ್ಲದೆ ಕೊರೆದ ಹಳಗನ್ನಡದ ಸಾಲುಗಳನ್ನು ಬಿಡಿಸಿ ಕಣ್ಣು ನೋಯಿಸಿಕೊಂಡವರು ಈ ಉಪಕಾರದ ಬೆಲೆಯನ್ನು ಬಲ್ಲರು.

597ನೆಯ ವರ್ಷ, ಜೂನ್ ತಿಂಗಳು, ಶನಿವಾರ. ಎಪ್ಪತ್ತೈದು ದಾಟಿದ ಮುದುಕನು ಡಿಯರ್ಮಿಟ್ಟನೊಡನೆ ಕಣಜಕ್ಕೆ ಹೋಗಿ, ಕಾಳಿನ ಎರಡು ರಾಶಿಗಳನ್ನು ಕಂಡು, ತಾನು ಹೊರಟರೂ ಮಕ್ಕಳಿಗೆ ಈ ವರ್ಷ ಅನ್ನಕ್ಕೆ ಕೊರತೆಯಿಲ್ಲವೆಂದು ಸಮಾಧಾನಪಟ್ಟನು. ಹಿಂದಿರುಗುವಾಗ ಅರ್ಧ ದಾರಿಯಲ್ಲಿ ದಣಿದು ಕುಳಿತನು. ಕೊಟ್ಟಿಗೆಯಿಂದ ಮಠಕ್ಕೆ ದಿನವೂ ಹಾಲಿನ ಪಾತ್ರೆಗಳನ್ನು ಹೊರುತ್ತಿದ್ದ ಬಿಳಿಯ ಕುದುರೆ ಎದುರಿಗೆ ಬಂದು, ಅವನ ಎದೆಯ ಮೇಲೆ ತಲೆಯನ್ನಿಟ್ಟು ಕಣ್ಣೀರು ಸುರಿಸತೊಡಗಿತು. ಡಿಯರ್ಮಿಟ್ ಅದನ್ನು ಅಟ್ಟಲು ಹೋದನು. ಕೊಲಂಬನು ತಡೆದನು. ಅಳಲಿ, ಬಿಡು, ಎಂದನು. ಮನುಷ್ಯನಾದ ಅವನಿಗೆ ತಾನು ಹೇಳದೆ ತಿಳಿಯದ ಸಂಗತಿ ಈ ಮೂಕಪ್ರಾಣಿಗೆ ತಾನಾಗಿ ತಿಳಿದಿದೆಯೆಂದನು. ಅಟ್ಟದಂತೆ ತಡೆದು, ಅಳುವಷ್ಟು ಹೊತ್ತು ಅಳಗೊಟ್ಟು, ಆಮೇಲೆ ಹರಸಿ ಕಳುಹಿಸಿದನು.

ಅಲ್ಲಿಂದ ಗುಡಿಸಲಿಗೆ ಬಂದು ಬರೆಯಲು ಕುಳಿತನು. ಕೈಯಲ್ಲಿದ್ದುದು ಮತ್ತೆ ಅದೇ ದಾವೀದನ ಕೀರ್ತನೆಗಳ ನಕಲು. ಮೂವತ್ತನಾಲ್ಕನೆಯ ಕೀರ್ತನೆ, ಹತ್ತನೆಯ ವಚನ. ಅಲ್ಲಿಗೆ ಹಾಳೆ ಮುಗಿಯಿತು. ಲೇಖನಿಯನ್ನು ಕೆಳಗಿಟ್ಟು, ಮುಂದಿನದನ್ನು ಬೈಥೀನ್ ಬರೆಯಲೆಂದನು. ನಡುರಾತ್ರಿಯ ಗಂಟೆ ಬಾರಿಸಿದಾಗ ಎಲ್ಲರಿಗಿಂತ ಮುಂಚೆ ಎದ್ದು ಒಬ್ಬನೇ ಇಗರ್ಜಿಗೆ ಓಡಿದನು. ಹಿಂದಿನಿಂದ ಬಂದ ಡಿಯರ್ಮಿಟ್ ಕತ್ತಲಲ್ಲಿ, ಎಲ್ಲಿದ್ದೀರಿ ತಂದೆಯೇ, ಎಂದು ಕರೆಯುತ್ತ ಕೈಯಾಡಿಸಿ ಹುಡುಕಿದನು. ವೇದಿಕೆಯ ಮುಂದೆ ಬಿದ್ದಿದ್ದ ಗುರುವು ಕೈಗೆ ಸಿಕ್ಕಿದನು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡನು. ಉಳಿದವರು ದೀಪಗಳನ್ನು ತಂದರು.

ಸಂಸ್ಕಾರಕ್ಕೆ ಸುತ್ತಲಿನ ನಾಡಿನ ಜನರೆಲ್ಲ ಬಂದು ಸೇರುವರೆಂದು ಮಠದಲ್ಲಿ ಅಂದುಕೊಂಡಿದ್ದರು. ಯಾರೂ ಬರಲಿಲ್ಲ. ಮೂರು ದಿನ, ಮೂರು ರಾತ್ರಿ ಮಳೆಯಿಲ್ಲದ ಬಿರುಗಾಳಿ ಎದ್ದು, ಒಂದು ದೋಣಿಯೂ ಜಲಸಂಧಿಯನ್ನು ದಾಟಲಾಗಲಿಲ್ಲ. ಮಣ್ಣು ಮಾಡಿದ ಮೇಲೆ ಗಾಳಿ ನಿಂತಿತು. ಒಮ್ಮೆ ಒಂದು ‘ಇ’ಕಾರವನ್ನು ಬಿಟ್ಟಿದ್ದ ಬೈಥೀನ್ ಈಗ ಮಠದ ಎರಡನೆಯ ಅಧಿಪತಿ. ಹನ್ನೊಂದನೆಯ ವಚನ ಅವನಿಗಾಗಿ ಕಾದಿತ್ತು.